ಹುದ್ದೆಯಿಲ್ಲದ ದೂತರು: ಮಾತು ಯಾರದು, ಹೊಣೆ ಯಾರದು?

2025ರ ಡಿಸೆಂಬರ್ 2ರಂದು ಕ್ರೆಮ್ಲಿನ್‌ನ ಮೇಜಿನ ಒಂದು ಬದಿಗೆ ರಷ್ಯಾದ ಅಧ್ಯಕ್ಷ ವ್ಲಾದಿಮಿರ್ ಪುಟಿನ್, ಅವರ ವಿದೇಶಾಂಗ ಸಹಾಯಕ ಯೂರಿ ಉಷಾಕೋವ್ ಮತ್ತು ರಷ್ಯಾದ ಸರ್ಕಾರಿ ಹೂಡಿಕೆ ನಿಧಿಯ ಮುಖ್ಯಸ್ಥ ಕಿರಿಲ್ ಡಿಮಿಟ್ರಿಯೇವ್ ಕೂತಿದ್ದರು. ಎದುರಿಗೆ ಅಮೆರಿಕದ ಕಡೆಯಿಂದ ಸ್ಟೀವ್ ವಿಟ್ಕಾಫ್ ಮತ್ತು ಜರೆಡ್ ಕುಶ್ನರ್. ಉಕ್ರೇನ್ ಯುದ್ಧ ನಿಲ್ಲಿಸುವ ಬಗ್ಗೆ ಸುಮಾರು ಐದು ಗಂಟೆ ಮಾತುಕತೆ ನಡೆಯಿತು. ವಿಟ್ಕಾಫ್ ಮೂಲತಃ ರಿಯಲ್ ಎಸ್ಟೇಟ್ ಉದ್ಯಮಿ. ಆದರೂ ಅವರಿಗೆ ವಿಶೇಷ ದೂತ ಎಂಬ ಪದನಾಮವಾದರೂ ಇತ್ತು. ಕುಶ್ನರ್‌ಗೆ ಆ ಹೊತ್ತಿನಲ್ಲಿ ಸರ್ಕಾರದಲ್ಲಿ ಯಾವ ಹುದ್ದೆಯೂ ಇರಲಿಲ್ಲ. ಅವರು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಅಳಿಯ, ಜೊತೆಗೆ ಹೂಡಿಕೆ ಸಂಸ್ಥೆಯೊಂದರ ಮಾಲೀಕ.

ಈ ಬಗ್ಗೆ ನಡೆದ ಚರ್ಚೆ ಎರಡೇ ದಿಕ್ಕಿಗೆ ಹರಿಯಿತು. ಅಳಿಯನಿಗೆ ಇಷ್ಟೊಂದು ಅಧಿಕಾರವೇ ಎಂದವರು ಕೆಲವರು. ಕಚೇರಿಯ ಬಾಬುಗಳಿಂದ ಆಗದ್ದು ಇವರಿಂದ ಆಗುತ್ತಿದ್ದರೆ ನಿಮಗೇನು ಕಷ್ಟ ಎಂದವರು ಇನ್ನು ಕೆಲವರು. ಎರಡೂ ವ್ಯಕ್ತಿಯ ಯೋಗ್ಯತೆಯ ಕುರಿತ ಮಾತು. ಆದರೆ ಕಳೆದ ನೂರು ವರ್ಷಗಳ ಇಂಥ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಕೆಲಸ ಕೆಟ್ಟಿದ್ದು ದೂತ ದಡ್ಡನಾಗಿದ್ದರಿಂದ ಎನ್ನುವುದು ಅಪರೂಪ. ಮೇಜಿನ ಮೇಲೆ ಬಂದ ಮಾತು ಯಾರದು ಎಂಬುದು ಕೇಳಿಸಿಕೊಂಡವರಿಗೆ ಗೊತ್ತಿರಲಿಲ್ಲ, ಎಷ್ಟೋ ಸಲ ಕಳಿಸಿದವರಿಗೂ ಗೊತ್ತಿರಲಿಲ್ಲ. ಕೆಟ್ಟಿದ್ದು ಅಲ್ಲಿ.

ಒಂದೇ ಹೆಸರು, ಮೂರು ಕೆಲಸ

‘ಅನಧಿಕೃತ ಸಲಹೆಗಾರ’ ಎಂಬ ಹೆಸರಿನಡಿ ಮೂರು ಬೇರೆ ಬೇರೆ ಕೆಲಸಗಳಿವೆ. ನಾಯಕನ ಕಿವಿಯಲ್ಲಿ ಅಭಿಪ್ರಾಯ ಹೇಳುವುದು ಒಂದು. ಇಲ್ಲಿನ ಸಂದೇಶವನ್ನು ಅಲ್ಲಿಗೆ, ಅಲ್ಲಿನದನ್ನು ಇಲ್ಲಿಗೆ ಮುಟ್ಟಿಸುವುದು ಎರಡನೆಯದು. ಸರ್ಕಾರದ ಪರವಾಗಿ ಕೂತು ಕೊಡುಕೊಳ್ಳುವ ಮಾತಾಡುವುದು ಮೂರನೆಯದು. ಮೊದಲನೆಯದಕ್ಕೆ ಬುದ್ಧಿ ಇದ್ದರೆ ಸಾಕು. ಎರಡನೆಯದಕ್ಕೆ ಪದಪದವೂ ನೆನಪಿರಬೇಕು. ಮೂರನೆಯದಕ್ಕೆ ಬೇಕಾದದ್ದು ಅಧಿಕಾರಪತ್ರ. ಎಡವಟ್ಟು ಶುರುವಾಗುವುದು ಮೊದಲನೆಯದಕ್ಕೆಂದು ಕರೆಸಿಕೊಂಡವರು ತಿಂಗಳೊಪ್ಪತ್ತಿನಲ್ಲಿ ಮೂರನೆಯದನ್ನು ಮಾಡತೊಡಗಿದಾಗ. ಅದಕ್ಕೆ ಯಾರೂ ಆದೇಶ ಹೊರಡಿಸಿರುವುದಿಲ್ಲ, ಯಾರೂ ಬೇಡ ಎಂದೂ ಹೇಳಿರುವುದಿಲ್ಲ.

ಈ ಜಾರುವಿಕೆಗೆ ಹಳೆಯ ಮಾದರಿ ಎಂದರೆ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಅವರ ಆಪ್ತ ಎಡ್ವರ್ಡ್ ಹೌಸ್. ಎಲ್ಲರೂ ‘ಕರ್ನಲ್’ ಎನ್ನುತ್ತಿದ್ದರೂ ಸೇನೆಗೂ ಅವರಿಗೂ ಸಂಬಂಧವಿರಲಿಲ್ಲ, ಅದು ಟೆಕ್ಸಾಸ್‌ನಲ್ಲಿ ಸಿಕ್ಕ ಗೌರವ ಪದವಿ. ಸರ್ಕಾರಿ ಹುದ್ದೆಯಿಲ್ಲದೆಯೇ ಅವರು ಮೊದಲನೇ ಮಹಾಯುದ್ಧದ ಯುರೋಪನ್ನು ಸುತ್ತಿದರು. ಅಧ್ಯಕ್ಷರಿಗೂ ಅವರಿಗೂ ನಡುವೆ ಖಾಸಗಿ ಸಂಕೇತಭಾಷೆಯೇ ಇತ್ತು. 1916ರ ಫೆಬ್ರವರಿಯಲ್ಲಿ ಅವರು ಬ್ರಿಟನ್ನಿನ ವಿದೇಶಾಂಗ ಕಾರ್ಯದರ್ಶಿ ಎಡ್ವರ್ಡ್ ಗ್ರೇ ಜೊತೆ ಒಂದು ಟಿಪ್ಪಣಿ ಸಿದ್ಧಪಡಿಸಿದರು. ಶಾಂತಿ ಸಮ್ಮೇಳನಕ್ಕೆ ಜರ್ಮನಿ ಒಪ್ಪದಿದ್ದರೆ, ಅಥವಾ ಅಲ್ಲಿ ಅದರ ಹಟದಿಂದ ಮಾತುಕತೆ ಮುರಿದರೆ, ಅಮೆರಿಕ ಮಿತ್ರಪಕ್ಷಗಳ ಜೊತೆ ಯುದ್ಧಕ್ಕೆ ಇಳಿಯುತ್ತದೆ ಎಂಬುದು ಅದರ ಸಾರ. ಕಾಗದ ವಾಷಿಂಗ್ಟನ್ನಿಗೆ ಬಂತು. ವಿಲ್ಸನ್ ಅದಕ್ಕೆ ಒಂದು ಪದ ಸೇರಿಸಿದರು: ‘ಬಹುಶಃ’. ಅಲ್ಲಿಗೆ ಲಂಡನ್ನಿನಲ್ಲಿ ಕೊಟ್ಟ ಮಾತಿನ ತೂಕ ಇಳಿದುಹೋಯಿತು. ಹೌಸ್ ಸುಳ್ಳು ಹೇಳಿರಲಿಲ್ಲ. ಅಧ್ಯಕ್ಷರ ಮನಸ್ಸು ತನಗೆ ಗೊತ್ತು ಎಂದುಕೊಂಡಿದ್ದರು. ಆಪ್ತರಾದವರು ಬೀಳುವುದು ಹೆಚ್ಚಾಗಿ ಈ ಹಳ್ಳಕ್ಕೇ.

ಹ್ಯಾರಿ ಹಾಪ್ಕಿನ್ಸ್ ಅವರ ಕಥೆ ಇದಕ್ಕೆ ಎದುರು. 1940ರಲ್ಲಿ ವಾಣಿಜ್ಯ ಸಚಿವ ಸ್ಥಾನ ಬಿಟ್ಟ ಮೇಲೂ ಅವರು ಶ್ವೇತಭವನದಲ್ಲೇ ವಾಸವಾಗಿದ್ದರು. 1941ರ ಜನವರಿಯಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ಲಂಡನ್ನಿಗೆ ಕಳಿಸಿದಾಗ ಕೈಯಲ್ಲಿ ಹುದ್ದೆ ಇರಲಿಲ್ಲ, ಆದರೆ ಕೆಲಸ ಸ್ಪಷ್ಟವಾಗಿತ್ತು: ಬ್ರಿಟನ್ ತಾಳಿಕೊಳ್ಳುತ್ತದೆಯೇ, ಅದಕ್ಕೆ ಏನೇನು ಬೇಕು ಎಂದು ನೋಡಿಕೊಂಡು ಬರುವುದು. ಭರವಸೆ ಹಂಚುವ ಕೆಲಸ ಅವರದಾಗಿರಲಿಲ್ಲ. ಭರವಸೆ ಬಂದದ್ದು ಮಾರ್ಚ್ 11ರಂದು, ಮಿತ್ರರಾಷ್ಟ್ರಗಳಿಗೆ ಯುದ್ಧಸಾಮಗ್ರಿ ಒದಗಿಸಲು ಸಂಸತ್ತು ಒಪ್ಪಿದ ಲೆಂಡ್-ಲೀಸ್ ಕಾಯ್ದೆಯ ರೂಪದಲ್ಲಿ.

ಮಾಲೀಕರಿಲ್ಲದ ಕರಡು

ಇಡೀ ವಿಷಯದಲ್ಲಿ ಅತ್ಯಂತ ಕಲಿಯುವಂಥ ಪ್ರಕರಣ ನನ್ನ ಪ್ರಕಾರ 1941ರ ಅಮೆರಿಕ–ಜಪಾನ್ ಮಾತುಕತೆ. ಮೇರಿನಾಲ್ ಎಂಬ ಕ್ಯಾಥೊಲಿಕ್ ಮಿಷನ್‌ಗೆ ಸೇರಿದ ಬಿಷಪ್ ಜೇಮ್ಸ್ ವಾಲ್ಶ್ ಮತ್ತು ಪಾದ್ರಿ ಜೇಮ್ಸ್ ಡ್ರೌಟ್ 1940ರ ಕೊನೆಯಲ್ಲಿ ಟೋಕಿಯೊಗೆ ಹೋಗಿ ಅಲ್ಲಿನ ಪ್ರಮುಖರನ್ನು ಕಂಡರು. ಜಪಾನ್ ರಾಜಿಗೆ ಸಿದ್ಧವಿದೆ ಎಂದು ಅವರಿಗೆ ಅನಿಸಿತು. 1941ರ ಜನವರಿಯಲ್ಲಿ ಅಂಚೆ ಇಲಾಖೆಯ ಸಚಿವ ಫ್ರಾಂಕ್ ವಾಕರ್ ಅವರ ಮೂಲಕ ರೂಸ್‌ವೆಲ್ಟ್ ಹಾಗೂ ವಿದೇಶಾಂಗ ಸಚಿವ ಕಾರ್ಡೆಲ್ ಹಲ್ ಅವರ ಭೇಟಿ ಸಿಕ್ಕಿತು. ಯಾರೂ ಇವರಿಗೆ ಅಧಿಕಾರ ಕೊಡಲಿಲ್ಲ, ನಿಲ್ಲಿಸಿ ಎಂದೂ ಹೇಳಲಿಲ್ಲ. ಜಪಾನಿನ ಕಡೆಯಿಂದಲೂ ಇಬ್ಬರು ಬಂದು ಸೇರಿಕೊಂಡರು: ಟಡಾವೊ ಇಕಾವಾ ಮತ್ತು ಸೇನೆಯ ಕರ್ನಲ್ ಹಿಡಿಯೊ ಇವಾಕುರೊ. ಎಲ್ಲ ಸೇರಿ ಏಪ್ರಿಲ್‌ನಲ್ಲಿ ಒಂದು ಕರಡು ಒಪ್ಪಂದ ಬರೆದರು. ಅದರಲ್ಲಿ ಜಪಾನಿಗೆ ಅನುಕೂಲವಾದ ಅಂಶಗಳೇ ಹೆಚ್ಚು.

ಏಪ್ರಿಲ್ 16ರಂದು ಹಲ್ ಜಪಾನಿ ರಾಯಭಾರಿ ಕಿಚಿಸಬುರೊ ನೊಮುರಾ ಅವರಿಗೆ ಹೇಳಿದ್ದಿಷ್ಟು: ಈ ಕರಡನ್ನು ಮಾತಿನ ಆರಂಭಕ್ಕೆ ಬಳಸಬಹುದು, ಆದರೆ ಅದಕ್ಕೂ ಮುಂಚೆ ನಿಮ್ಮ ಸರ್ಕಾರ ಈ ನಾಲ್ಕು ತತ್ವಗಳನ್ನು ಒಪ್ಪಬೇಕು. ಎಲ್ಲ ದೇಶಗಳ ಗಡಿಗೆ ಗೌರವ, ಒಳಾಡಳಿತದಲ್ಲಿ ಕೈಹಾಕದಿರುವುದು, ವ್ಯಾಪಾರದಲ್ಲಿ ಸಮಾನ ಅವಕಾಶ, ಬಲಪ್ರಯೋಗದಿಂದ ಯಥಾಸ್ಥಿತಿ ಬದಲಿಸದಿರುವುದು. ನೊಮುರಾ ಮೂಲತಃ ನೌಕಾಸೇನೆಯವರು. ಅವರು ಕರಡನ್ನು ಟೋಕಿಯೊಗೆ ತಂತಿ ಮಾಡಿದರು. ನಾಲ್ಕು ತತ್ವಗಳನ್ನು ಕೂಡಲೇ ಕಳಿಸಲಿಲ್ಲ. ಟೋಕಿಯೊದಲ್ಲಿ ಓದಿದವರಿಗೆ ಅದು ಅಮೆರಿಕವೇ ಮುಂದಿಟ್ಟ ಪ್ರಸ್ತಾವದಂತೆ ಕಂಡಿತು. ಪ್ರಧಾನಿ ಕೊನೊಯೆ ಹಿಗ್ಗಿದರು. ವಿದೇಶ ಪ್ರವಾಸದಲ್ಲಿದ್ದ ವಿದೇಶಾಂಗ ಸಚಿವ ಮತ್ಸುವೊಕಾ ಮರಳಿ ಬಂದಾಗ, ತನಗೆ ಗೊತ್ತಿಲ್ಲದೆ ನಡೆದ ಈ ವ್ಯವಹಾರ ನೋಡಿ ಸಿಡಿದರು.

ಜೂನ್ 21ರಂದು ಹಲ್ ಅವರ ನಿಜವಾದ ಪ್ರಸ್ತಾವ ಬಂತು. ಅದು ಪಾದ್ರಿಗಳ ಕರಡಿಗಿಂತ ಬಹಳ ಬಿಗಿಯಾಗಿತ್ತು. ವಾಷಿಂಗ್ಟನ್ ದೃಷ್ಟಿಯಲ್ಲಿ ಅದು ಮೊದಲ ಪ್ರಸ್ತಾವ. ಟೋಕಿಯೊ ದೃಷ್ಟಿಯಲ್ಲಿ ಏಪ್ರಿಲ್‌ನಲ್ಲಿ ಕೊಟ್ಟ ಮಾತಿನಿಂದ ಅಮೆರಿಕ ಹಿಂದೆ ಸರಿದದ್ದು. ಅಲ್ಲಿಂದ ಮುಂದಿನ ಪ್ರತಿ ಹೆಜ್ಜೆಯನ್ನೂ ಎರಡೂ ಕಡೆಯವರು ಈ ತಪ್ಪು ಓದಿನ ಮೇಲೆಯೇ ಅಳೆದರು. ಪರ್ಲ್ ಹಾರ್ಬರ್ ದಾಳಿಗೆ ಇದೇ ಕಾರಣ ಎಂದರೆ ಅತಿಶಯ. ಅಮೆರಿಕದ ತೈಲ ನಿರ್ಬಂಧ, ಚೀನಾ ಮತ್ತು ಇಂಡೊಚೀನಾದಲ್ಲಿ ಜಪಾನಿ ಸೇನೆ ಎಲ್ಲ ಇದ್ದವು. ಆದರೆ ಎಂಟು ತಿಂಗಳ ಮಾತುಕತೆಯ ಬುನಾದಿ ಕಲ್ಲೇ ಓರೆಯಾಗಿತ್ತು. ಪಾದ್ರಿಗಳ ಉದ್ದೇಶದಲ್ಲಿ ಕಳ್ಳತನವಿರಲಿಲ್ಲ. ಕರಡಿನ ಮೇಲೆ ‘ಇದು ಯಾರ ಪ್ರಸ್ತಾವವೂ ಅಲ್ಲ’ ಎಂಬ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಹಾಗೆ ಬರೆದಿದ್ದರೆ ಟೋಕಿಯೊದಲ್ಲಿ ಅದನ್ನು ಯಾರೂ ಓದುತ್ತಿರಲಿಲ್ಲವೇನೋ.

ಇದಕ್ಕಿಂತ ಗುಟ್ಟಾಗಿ ನಡೆದದ್ದು 1969ರದು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಆಡಳಿತದಲ್ಲಿದ್ದ ಒಕಿನಾವಾ ದ್ವೀಪವನ್ನು ಜಪಾನಿಗೆ ಮರಳಿಸುವ ಒಪ್ಪಂದಕ್ಕೆ ಪ್ರಧಾನಿ ಎಯ್ಸಾಕು ಸಾಟೊ ತಮ್ಮ ವಿದೇಶಾಂಗ ಇಲಾಖೆಯ ಜೊತೆಗೇ ಇನ್ನೊಂದು ದಾರಿಯನ್ನೂ ತೆರೆದರು. ಆ ದಾರಿಯಲ್ಲಿದ್ದವರು ಕೇ ವಕೈಝುಮಿ ಎಂಬ ಪ್ರಾಧ್ಯಾಪಕರು. ಎದುರಿಗೆ ಅಮೆರಿಕದ ರಾಷ್ಟ್ರೀಯ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್. ಫೋನಿನಲ್ಲಿ ಒಬ್ಬರು ‘ಯೋಶಿದಾ’, ಇನ್ನೊಬ್ಬರು ‘ಜೋನ್ಸ್’. ಗಂಭೀರ ತುರ್ತು ಸ್ಥಿತಿಯಲ್ಲಿ ಅಮೆರಿಕ ಒಕಿನಾವಾಕ್ಕೆ ಅಣ್ವಸ್ತ್ರಗಳನ್ನು ಮತ್ತೆ ತರಲು ಕೇಳಿದರೆ ಜಪಾನ್ ತಡಮಾಡದೆ ಒಪ್ಪುತ್ತದೆ ಎಂಬ ರಹಸ್ಯ ನಡಾವಳಿಯನ್ನು ಇಬ್ಬರೂ ಸಿದ್ಧಪಡಿಸಿದರು. ಸಹಿ ಹಾಕುವ ವಿಧಾನಕ್ಕೂ ಸ್ಕ್ರಿಪ್ಟ್ ಬರೆದಿದ್ದರು: ನವೆಂಬರ್‌ನ ಶೃಂಗಸಭೆಯ ನಡುವೆ ಅಧ್ಯಕ್ಷ ನಿಕ್ಸನ್, ಕಲಾಕೃತಿಗಳನ್ನು ತೋರಿಸುವ ನೆಪದಲ್ಲಿ ಸಾಟೊ ಅವರನ್ನು ಓವಲ್ ಆಫೀಸಿನ ಪಕ್ಕದ ಚಿಕ್ಕ ಕೋಣೆಗೆ ಕರೆದೊಯ್ಯಬೇಕು.

ಈ ಗುಟ್ಟು ಕೈಕೊಟ್ಟದ್ದು ಅಣ್ವಸ್ತ್ರದ ವಿಷಯದಲ್ಲಲ್ಲ, ಬಟ್ಟೆಯ ವಿಷಯದಲ್ಲಿ. ಜವಳಿ ಆಮದಿಗೆ ಕಡಿವಾಣ ಹಾಕುವುದಾಗಿ ನಿಕ್ಸನ್ ಚುನಾವಣೆಯಲ್ಲಿ ಮಾತು ಕೊಟ್ಟಿದ್ದರು. ವಕೈಝುಮಿ–ಕಿಸಿಂಜರ್ ದಾರಿಯಲ್ಲೇ ಜಪಾನಿನ ಜವಳಿ ರಫ್ತು ತಗ್ಗಿಸುವ ಭರವಸೆಯೂ ಹೋಯಿತು. ಆದರೆ ರಫ್ತಿನ ಮೇಲೆ ಮಿತಿ ಹೇರಬೇಕಾದವರು ಟೋಕಿಯೊದ ವ್ಯಾಪಾರ ಮತ್ತು ಕೈಗಾರಿಕಾ ಸಚಿವಾಲಯದವರು. ಅಂಥದೊಂದು ಭರವಸೆ ಇದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಅವರು ತಮ್ಮ ಹಳೆಯ ಪಟ್ಟಿನಲ್ಲೇ ಚೌಕಾಸಿ ಮುಂದುವರಿಸಿದರು. ಸಾಟೊ ಬಾಯಿ ಬಿಡುವಂತಿರಲಿಲ್ಲ. ಬಿಟ್ಟರೆ ‘ದಾರ ಮಾರಿ ದ್ವೀಪ ತಂದ’ ಎನ್ನುತ್ತಾರೆಂಬ ಭಯ. ನಿಕ್ಸನ್ ಕಣ್ಣಿಗೆ ಸಾಟೊ ಮಾತು ತಪ್ಪಿದವರಾದರು. ಈ ಜಗಳ ತೀರಿದ್ದು 1971ರ ಅಕ್ಟೋಬರ್‌ನಲ್ಲಿ, ಭಾರೀ ಒತ್ತಡ ಹಾಕಿದ ಮೇಲೆ. ದೂತರ ಬಳಿ ನಾಯಕನ ಕಿವಿ ಇರುತ್ತದೆ, ಇಲಾಖೆಯ ಕೈ ಇರುವುದಿಲ್ಲ. ಜಾರಿಯಾಗಬೇಕಾದ ಭರವಸೆಯನ್ನು ಜಾರಿ ಮಾಡುವವರಿಗೆ ಹೇಳದೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇಷ್ಟು ಸ್ವಚ್ಛ ಉದಾಹರಣೆ ಸಿಗುವುದು ಕಷ್ಟ.

ಸರಿಯಾಗಿ ಮಾಡಿದಾಗ

ಹಾಗಿದ್ದರೂ ಸರ್ಕಾರಗಳು ಖಾಸಗಿಯವರನ್ನು ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಅಧಿಕಾರಿ ಹೋದರೆ ಅದು ಮಾನ್ಯತೆ ಕೊಟ್ಟಂತೆ. ಪ್ರಾಧ್ಯಾಪಕ ಹೋದರೆ ವಿಚಾರ ಸಂಕಿರಣ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಸಂದರ್ಭಗಳು ರಾಜತಾಂತ್ರಿಕತೆಯಲ್ಲಿ ದಿನಬೆಳಗಾದರೆ ಬರುತ್ತವೆ.

ಇಸ್ರೇಲ್ ಮತ್ತು ಪ್ಯಾಲೆಸ್ಟೀನಿಯನ್ನರ ನಡುವಿನ ಓಸ್ಲೊ ಮಾತುಕತೆಯನ್ನು ಈ ದೃಷ್ಟಿಯಿಂದ ನೋಡಬೇಕು. 1992ರ ಕೊನೆಯವರೆಗೂ ಪ್ಯಾಲೆಸ್ಟೈನ್ ವಿಮೋಚನಾ ಸಂಘಟನೆಯವರನ್ನು ಭೇಟಿಯಾಗುವುದೇ ಇಸ್ರೇಲಿಗರಿಗೆ ಕಾನೂನುಬಾಹಿರವಾಗಿತ್ತು. ಡಿಸೆಂಬರ್‌ನಲ್ಲಿ ಹೈಫಾ ವಿಶ್ವವಿದ್ಯಾಲಯದ ಯಾಯಿರ್ ಹಿರ್ಷ್‌ಫೆಲ್ಡ್ ಲಂಡನ್ನಿನಲ್ಲಿ ಆ ಸಂಘಟನೆಯ ಅಹ್ಮದ್ ಕುರೇ ಅವರನ್ನು ಕಂಡರು. ನಾರ್ವೆಯ ಫಾಫೊ ಎಂಬ ಸಂಶೋಧನಾ ಸಂಸ್ಥೆಯ ಟೆರ್ಯೆ ರೋಡ್-ಲಾರ್ಸೆನ್ ಜಾಗ ಒದಗಿಸಿದರು. 1993ರ ಜನವರಿಯಲ್ಲಿ ಇಸ್ರೇಲಿ ಸಂಸತ್ತು ಆ ನಿಷೇಧ ತೆಗೆದುಹಾಕಿದ ಬೆನ್ನಿಗೇ ಸಾರ್ಪ್ಸ್‌ಬೋರ್ಗ್ ಎಂಬಲ್ಲಿ ಮೊದಲ ಸುತ್ತು ನಡೆಯಿತು. ಹಿರ್ಷ್‌ಫೆಲ್ಡ್ ಜೊತೆ ರಾನ್ ಪುಂಡಾಕ್, ಇಬ್ಬರೂ ಅಧ್ಯಾಪಕ ವೃತ್ತಿಯವರು. ಉಪ ವಿದೇಶಾಂಗ ಸಚಿವ ಯೋಸಿ ಬೈಲಿನ್ ಅವರಿಗೆ ಎಲ್ಲ ತಿಳಿದಿತ್ತು, ಆದರೆ ಬೇಡವೆನಿಸಿದರೆ ಕೈ ತೊಳೆದುಕೊಳ್ಳುವ ದಾರಿಯೂ ಇತ್ತು.

ಮುಂದಿನದು ಮುಖ್ಯ. ಕರಡಿಗೆ ಒಂದು ಆಕಾರ ಬರುತ್ತಿದ್ದಂತೆ, ಮೇ ತಿಂಗಳಲ್ಲಿ ವಿದೇಶಾಂಗ ಸಚಿವಾಲಯದ ಮಹಾನಿರ್ದೇಶಕ ಉರಿ ಸಾವಿರ್ ಬಂದು ಕೂತರು. ಜೂನ್‌ನಲ್ಲಿ ವಕೀಲ ಜೋಯೆಲ್ ಸಿಂಗರ್ ಬಂದರು. ಅಧ್ಯಾಪಕರ ಕರಡು ಅವರಿಗೆ ಕಾನೂನಿನ ಕಣ್ಣಲ್ಲಿ ಬಹಳ ಸಡಿಲವಾಗಿ ಕಂಡಿತು. ಪ್ರಶ್ನೆಗಳ ಮೇಲೆ ಪ್ರಶ್ನೆ ಹಾಕಿ ಎದುರಿನವರನ್ನು ಸುಸ್ತು ಮಾಡಿದರು. ಪ್ಯಾಲೆಸ್ಟೀನಿಯನ್ನರಿಗೆ ಸಿಟ್ಟು ಬಂತು, ಆದರೆ ಈಗ ಕೂತಿರುವುದು ಸರ್ಕಾರ ಎಂಬುದು ಖಾತ್ರಿಯಾಯಿತು. ಸೆಪ್ಟೆಂಬರ್ 13ಕ್ಕೆ ವಾಷಿಂಗ್ಟನ್ನಿನಲ್ಲಿ ಸಹಿ ಬಿತ್ತು. ಆ ಒಪ್ಪಂದದ ನಂತರದ ಗತಿ ಬೇರೆ ಚರ್ಚೆ. ಖಾಸಗಿಯವರು ಬಾಗಿಲು ತೆರೆದು, ಸರ್ಕಾರ ಒಳಗೆ ಬಂದ ಕೂಡಲೇ ಪಕ್ಕಕ್ಕೆ ಸರಿದ ಆ ಕ್ರಮ ಮಾತ್ರ ನೆನಪಿಡುವಂಥದ್ದು. 1941ರಲ್ಲಿ ನಡೆಯದೇ ಹೋದದ್ದು ಇದೇ.

ವಿಟ್ಕಾಫ್ ಅವರದೇ ಒಂದು ಪ್ರಸಂಗವೂ ಇಲ್ಲಿ ಹೊಂದುತ್ತದೆ. 2025ರ ಜನವರಿಯಲ್ಲಿ ದೋಹಾದ ಗಾಜಾ ಕದನವಿರಾಮ ಮಾತುಕತೆಯಲ್ಲಿ ಅವರು ಇದ್ದಾಗ ಟ್ರಂಪ್ ಇನ್ನೂ ಅಧಿಕಾರ ವಹಿಸಿಕೊಂಡಿರಲಿಲ್ಲ. ಕಾನೂನಿನ ಪ್ರಕಾರ ವಿಟ್ಕಾಫ್ ಆಗ ಬರೀ ಖಾಸಗಿ ನಾಗರಿಕ. ಆದರೆ ಬೈಡನ್ ಸರ್ಕಾರದ ದೂತ ಬ್ರೆಟ್ ಮೆಕ್‌ಗರ್ಕ್ ಜೊತೆಗೇ ಕೆಲಸ ಮಾಡಿದರು. ಹೋಗುವವರು, ಬರುವವರು ಇಬ್ಬರದೂ ಒಂದೇ ಮಾತು ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಜನವರಿ 15ಕ್ಕೆ ಒಪ್ಪಂದದ ಘೋಷಣೆಯಾಯಿತು.

ಎದುರಿನವರು ಯಾರ ಹಿಂದೆ ಹೋಗುತ್ತಾರೆ?

ಯಾವುದೇ ದೇಶದ ವಿದೇಶಾಂಗ ಕಚೇರಿಯವರಿಗೆ ಒಂದು ಕಲೆ ಚೆನ್ನಾಗಿ ಗೊತ್ತು: ಎದುರಿನ ಸರ್ಕಾರದಲ್ಲಿ ಯಾರ ಫೋನನ್ನು ನಾಯಕ ಎತ್ತುತ್ತಾನೆ ಎಂದು ಕಂಡುಹಿಡಿಯುವುದು. ಅಂಥವರು ಒಬ್ಬರು ಸಿಕ್ಕ ಮೇಲೆ ರಾಯಭಾರಿಯ ಬಾಗಿಲಿಗೆ ಯಾರೂ ಬರುವುದಿಲ್ಲ. 2019ರಲ್ಲಿ ಉಕ್ರೇನ್‌ಗೆ ಆದದ್ದು ಇದು. ಟ್ರಂಪ್ ಅವರ ವೈಯಕ್ತಿಕ ವಕೀಲ ರೂಡಿ ಜೂಲಿಯಾನಿ ಮೇ 10ರಂದು ಅಲ್ಲಿನ ಚುನಾಯಿತ ಅಧ್ಯಕ್ಷ ಝೆಲೆನ್ಸ್ಕಿಗೆ ಪತ್ರ ಬರೆದು, ತಾನು ಟ್ರಂಪ್ ಅವರನ್ನು ಖಾಸಗಿ ನಾಗರಿಕರಾಗಿ ಪ್ರತಿನಿಧಿಸುತ್ತೇನೆ, ಅಧ್ಯಕ್ಷರಾಗಿ ಅಲ್ಲ ಎಂದು ಸ್ಪಷ್ಟವಾಗಿಯೇ ಹೇಳಿದ್ದರು. ಅದನ್ನು ಓದಿದ ಕೀವ್ ಏನು ಮಾಡಬೇಕು? ಕಾಗದದ ಪ್ರಕಾರ ಈ ವ್ಯಕ್ತಿಗೂ ಅಮೆರಿಕ ಸರ್ಕಾರಕ್ಕೂ ಸಂಬಂಧವಿಲ್ಲ. ಆದರೆ ಅಧ್ಯಕ್ಷರನ್ನು ಶ್ವೇತಭವನದಲ್ಲಿ ಭೇಟಿಯಾಗುವ ಬಾಗಿಲು ಇವರ ಕೈಯಲ್ಲಿದೆ. ಝೆಲೆನ್ಸ್ಕಿಯ ಸಹಾಯಕ ಆಂಡ್ರಿ ಯೆರ್ಮಾಕ್ ಆಗಸ್ಟ್‌ನಲ್ಲಿ ಮ್ಯಾಡ್ರಿಡ್‌ಗೆ ಹೋಗಿ ಜೂಲಿಯಾನಿಯನ್ನು ಕಂಡರು. ಸುಮಾರು 39 ಕೋಟಿ ಡಾಲರ್‌ನ ಭದ್ರತಾ ನೆರವು ಅದೇ ಹೊತ್ತಿಗೆ ತಡೆಹಿಡಿಯಲ್ಪಟ್ಟಿತ್ತು. ಕೀವ್‌ನಲ್ಲಿದ್ದ ಅಮೆರಿಕದ ಹಿರಿಯ ರಾಜತಾಂತ್ರಿಕ ವಿಲಿಯಂ ಟೇಲರ್ ನಂತರ ಸಂಸತ್ತಿನೆದುರು, ನೀತಿ ಎರಡು ಕಾಲುವೆಗಳಲ್ಲಿ ಹರಿಯುತ್ತಿತ್ತು, ಒಂದು ನಿಯಮದ್ದು, ಒಂದು ನಿಯಮದಾಚೆಯದು ಎಂದು ಸಾಕ್ಷ್ಯ ಹೇಳಿದರು. ಯಾವ ನೀರು ಕುಡಿಯಬೇಕೆಂಬ ಆಯ್ಕೆಯೇ ಉಕ್ರೇನಿಗೆ ಇರಲಿಲ್ಲ.

ಸ್ವಂತ ಮಂತ್ರಿಯೇ ಬೆಪ್ಪಾಗುವುದೂ ಉಂಟು. 2011ರ ಮಾರ್ಚ್‌ನಲ್ಲಿ ಫ್ರೆಂಚ್ ಚಿಂತಕ ಬರ್ನಾರ್-ಆನ್ರಿ ಲೆವಿ ಬೆಂಗಾಝಿಯಿಂದ ಅಧ್ಯಕ್ಷ ಸರ್ಕೋಜಿಗೆ ಫೋನ್ ಮಾಡಿ ಲಿಬಿಯಾ ಬಂಡುಕೋರರ ಪ್ರತಿನಿಧಿಗಳನ್ನು ಭೇಟಿ ಮಾಡಲು ಒಪ್ಪಿಸಿದರು. ಮಾರ್ಚ್ 10ರಂದು ಆ ಪ್ರತಿನಿಧಿಗಳು ಅಧ್ಯಕ್ಷರ ಅರಮನೆಯಿಂದ ಹೊರಬರುವಾಗ ಫ್ರಾನ್ಸ್ ಅವರಿಗೆ ಮಾನ್ಯತೆ ಕೊಟ್ಟಾಗಿತ್ತು. ವಿದೇಶಾಂಗ ಸಚಿವ ಅಲೈನ್ ಜುಪ್ಪೆ ಆಗ ಬ್ರಸೆಲ್ಸ್‌ನಲ್ಲಿದ್ದರು. ಸುದ್ದಿ ಅವರಿಗೂ ಸುದ್ದಿಯಾಗಿಯೇ ಬಂತು.

ಕಾನೂನಿನ ಬಲೆ, ಬಲೆಯ ಕಣ್ಣು

ಇಂಥ ಪ್ರಸಂಗ ಬಂದಾಗಲೆಲ್ಲ ಅಮೆರಿಕದಲ್ಲಿ ಯಾರಾದರೊಬ್ಬರು ಲೋಗನ್ ಕಾಯ್ದೆಯ ಹೆಸರೆತ್ತುತ್ತಾರೆ. 1798ರಲ್ಲಿ ಜಾರ್ಜ್ ಲೋಗನ್ ಎಂಬ ಫಿಲಡೆಲ್ಫಿಯಾದ ವೈದ್ಯರು ಸ್ವಂತ ಇಚ್ಛೆಯಿಂದ ಫ್ರಾನ್ಸಿಗೆ ಹೋಗಿ ಶಾಂತಿಯ ಮಾತಾಡಿ ಬಂದದ್ದಕ್ಕೆ ಸಿಟ್ಟಾದ ಸಂಸತ್ತು 1799ರಲ್ಲಿ ಮಾಡಿದ ಕಾನೂನು ಅದು. ಸರ್ಕಾರದ ಅಧಿಕಾರವಿಲ್ಲದೆ ವಿದೇಶಿ ಸರ್ಕಾರದೊಡನೆ ವಿವಾದದ ವಿಷಯದಲ್ಲಿ ವ್ಯವಹರಿಸಿದರೆ 3 ವರ್ಷದವರೆಗೆ ಸೆರೆವಾಸ. 1803ರಲ್ಲೊಂದು, 1852ರಲ್ಲೊಂದು ದೋಷಾರೋಪವಾದದ್ದು ಬಿಟ್ಟರೆ ಬಳಕೆಯಾಗಿಲ್ಲ, ಶಿಕ್ಷೆಯಂತೂ ಒಬ್ಬರಿಗೂ ಆಗಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ ಈ ಕಾಯ್ದೆ ನಮ್ಮ ವಿಷಯಕ್ಕೆ ತಾಗುವುದೇ ಇಲ್ಲ. ಅಧ್ಯಕ್ಷರೇ ಕಳಿಸಿದವರಿಗೆ ಅಧಿಕಾರವಿಲ್ಲ ಎನ್ನುವುದು ಹೇಗೆ?

ನಿಜವಾಗಿ ಹಿಡಿಯಬೇಕಾದ ಬಲೆ ಬೇರೆ. ಹೊರಗಿನವರನ್ನು ‘ವಿಶೇಷ ಸರ್ಕಾರಿ ನೌಕರ’ ಎಂದು ನೇಮಿಸಬಹುದು. 365 ದಿನಗಳಲ್ಲಿ 130 ದಿನ ಮೀರದಂತೆ ಕೆಲಸ, ಸಂಬಳ ಇರಬಹುದು, ಇಲ್ಲದಿರಬಹುದು. ನೇಮಕದ ಜೊತೆಗೇ ಆಸ್ತಿ ಮತ್ತು ಹೂಡಿಕೆಯ ವಿವರ ಕೊಡಬೇಕು. ತನ್ನ ಹಣಕಾಸಿನ ಹಿತಕ್ಕೆ ತಾಗುವ ವಿಷಯದಲ್ಲಿ ಕೈಹಾಕಿದರೆ ಅದು ಕ್ರಿಮಿನಲ್ ಅಪರಾಧ. ಸಂಬಳವಿಲ್ಲ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಗುಂಪಾಗಿ ಸಲಹೆ ಕೊಡುವವರಿಗೆ 1972ರ ಸಲಹಾ ಸಮಿತಿ ಕಾಯ್ದೆ ಇದೆ: ಸಭೆಗೆ 15 ದಿನ ಮೊದಲು ಪ್ರಕಟಣೆ, ಸದಸ್ಯರಲ್ಲಿ ಸಮತೋಲನ, ಕಾಗದಪತ್ರ ಸಾರ್ವಜನಿಕರಿಗೆ. ವಿದೇಶಿಯರ ಪರ ಲಾಬಿ ಮಾಡುವವರು 1938ರ ಕಾಯ್ದೆಯಡಿ 10 ದಿನದೊಳಗೆ ನೋಂದಾಯಿಸಿಕೊಳ್ಳಬೇಕು.

ಈಗ ಬಲೆಯ ಕಣ್ಣು ನೋಡಿ. ನೇಮಕವೇ ಆಗದವರಿಗೆ ಮೊದಲ ನಿಯಮ ತಾಗುವುದಿಲ್ಲ. ಒಬ್ಬಂಟಿಯಾಗಿ ಸಲಹೆ ಕೊಡುವವರು ಸಮಿತಿಯಲ್ಲ, ಹಾಗಾಗಿ ಎರಡನೆಯದು ತಾಗುವುದಿಲ್ಲ. ತನ್ನ ದೇಶದ ಅಧ್ಯಕ್ಷರ ಪರ ಕೆಲಸ ಮಾಡುವವರು ವಿದೇಶಿ ಏಜೆಂಟರಲ್ಲ, ಮೂರನೆಯದೂ ತಾಗುವುದಿಲ್ಲ. ಅಂದರೆ ನಿಯಮಗಳು ಬಿಗಿಯಾದಷ್ಟೂ ಹೊರಗೇ ಉಳಿಯುವುದು ಲಾಭ. ‘ಹುದ್ದೆ ಬೇಡ, ಸೇವೆ ಮಾಡುತ್ತೇನೆ’ ಎಂಬ ಮಾತು ತ್ಯಾಗದಂತೆ ಕೇಳಿಸುತ್ತದೆ, ಲೆಕ್ಕದಲ್ಲಿ ಅದು ವಿನಾಯಿತಿ. ಕುಶ್ನರ್ ಅವರ ಅಫಿನಿಟಿ ಪಾರ್ಟ್‌ನರ್ಸ್ ಸಂಸ್ಥೆಗೆ ಸೌದಿ ಅರೇಬಿಯಾದ ಸರ್ಕಾರಿ ನಿಧಿಯಿಂದ 200 ಕೋಟಿ ಡಾಲರ್ ಬಂದಿದೆ. ಅದರಿಂದ ಅವರ ಸಲಹೆ ಕೆಟ್ಟಿತು ಎಂದು ಹೇಳಲು ಸಾಕ್ಷ್ಯ ಬೇಕು. ಆದರೆ ಅದೇ ಹಣ ಇರುವ ಅಧಿಕಾರಿಯೊಬ್ಬರು ಪಶ್ಚಿಮ ಏಷ್ಯಾದ ಕಡತ ಮುಟ್ಟಬೇಕಾದರೆ ಮೊದಲು ನೀತಿಸಂಹಿತೆಯ ವಕೀಲರ ಮುಂದೆ ಕೂರಬೇಕಾಗುತ್ತಿತ್ತು.

ಹೊರಗಿನವರ ಬುದ್ಧಿಯನ್ನು ಲೆಕ್ಕಕ್ಕೆ ಸಿಗುವಂತೆ ಬಳಸುವ ಒಂದು ದಾರಿಯನ್ನು ಭಾರತ 1998ರ ಕೊನೆಯಲ್ಲಿ ಹುಡುಕಿಕೊಂಡಿತು. ರಾಷ್ಟ್ರೀಯ ಭದ್ರತಾ ಸಲಹಾ ಮಂಡಳಿಯಲ್ಲಿ ನಿವೃತ್ತ ಅಧಿಕಾರಿಗಳು, ಸೇನಾನಿಗಳು, ವಿದ್ವಾಂಸರು ಇದ್ದರು, ಕೆ. ಸುಬ್ರಹ್ಮಣ್ಯಂ ಸಂಚಾಲಕರು. ಅವರು ಬರೆದ ಅಣ್ವಸ್ತ್ರ ನೀತಿಯ ಕರಡು 1999ರ ಆಗಸ್ಟ್ 17ರಂದು ಪ್ರಕಟವಾಯಿತು, ‘ಕರಡು’ ಎಂಬ ಹಣೆಪಟ್ಟಿಯೊಡನೆ. ಸಂಪುಟದ ಭದ್ರತಾ ಸಮಿತಿ ತನ್ನ ನೀತಿಯನ್ನು ಹೊರಡಿಸಿದ್ದು 2003ರ ಜನವರಿ 4ರಂದು. ಎರಡನ್ನೂ ಪಕ್ಕಪಕ್ಕ ಇಟ್ಟು, ಸಲಹೆ ಎಲ್ಲಿ ಮುಗಿಯಿತು, ಸರ್ಕಾರ ಎಲ್ಲಿ ಶುರುವಾಯಿತು ಎಂದು ಯಾರು ಬೇಕಾದರೂ ಓದಬಹುದು. ಇದರ ತದ್ವಿರುದ್ಧದ ದೃಶ್ಯ 2014ರ ಜುಲೈನದು: ಪತ್ರಕರ್ತ ವೇದ್ ಪ್ರತಾಪ್ ವೈದಿಕ್ ಪಾಕಿಸ್ತಾನದಲ್ಲಿ ಹಫೀಜ್ ಸಯೀದ್‌ನನ್ನು ಭೇಟಿಯಾದ ಚಿತ್ರ ಹೊರಬಿದ್ದಾಗ, ಇದಕ್ಕೂ ನಮಗೂ ಸಂಬಂಧವಿಲ್ಲ ಎಂದು ಸರ್ಕಾರ ಸಂಸತ್ತಿನಲ್ಲಿ ಹೇಳಬೇಕಾಯಿತು.

ಕೋಣೆಯೊಳಗಿನ ಶಿಸ್ತು

ಅನುಭವವಿರುವ ವಿದೇಶಾಂಗ ಕಚೇರಿ ಖಾಸಗಿ ದೂತರನ್ನು ಕಳಿಸುವಾಗ ಮಾಡುವ ಕೆಲಸಗಳು ನೋಡಲು ಗುಮಾಸ್ತಿಕೆಯಂತಿರುತ್ತವೆ. ಹೊರಡುವ ಮುನ್ನ ಒಂದು ಪುಟದ ಸೂಚನೆ: ಇದನ್ನು ಹೇಳಬಹುದು, ಇದನ್ನು ಕೇಳಿಸಿಕೊಳ್ಳಬಹುದು, ಇದು ಬಂದರೆ ‘ತಲುಪಿಸುತ್ತೇನೆ’ ಎಂದು ಮಾತ್ರ ಹೇಳಬೇಕು. ಸಂದೇಶವನ್ನು ಕಾಗದ ನೋಡಿಯೇ ಓದಬೇಕು, ಸ್ವಂತ ಮಾತಿನಲ್ಲಿ ವಿವರಿಸಬಾರದು. ಬರಹದಲ್ಲಿ ಬಿಟ್ಟುಬರುವುದಿದ್ದರೆ ಸಹಿ, ಮೊಹರು, ತಲೆಬರಹ ಯಾವುದೂ ಇಲ್ಲದ ಹಾಳೆ, ರಾಜತಾಂತ್ರಿಕರು ‘ನಾನ್-ಪೇಪರ್’ ಎನ್ನುವುದು ಇದಕ್ಕೇ. ದುಭಾಷಿ ನಮ್ಮವರಾಗಿರಬೇಕು. ಆತಿಥೇಯರ ದುಭಾಷಿಯನ್ನು ನಂಬಿದರೆ ಅನುವಾದದ ತಪ್ಪು ಹಿಡಿಯುವವರು ಇರುವುದಿಲ್ಲ, ಏನು ನಡೆಯಿತೆಂಬ ಲಿಖಿತ ದಾಖಲೆಯೂ ಅವರ ಬಳಿಯೇ ಉಳಿಯುತ್ತದೆ. 2025ರ ಮೊದಲ ಮಾಸ್ಕೋ ಭೇಟಿಗಳಲ್ಲಿ ವಿಟ್ಕಾಫ್ ಕ್ರೆಮ್ಲಿನ್‌ನ ದುಭಾಷಿಗಳನ್ನೇ ಬಳಸಿದರೆಂದು ಮಾಧ್ಯಮಗಳಲ್ಲಿ ವರದಿಯಾದಾಗ ಹಳೆಯ ರಾಜತಾಂತ್ರಿಕರು ತಲೆ ಚಚ್ಚಿಕೊಂಡದ್ದು ಸುಮ್ಮನೆ ಅಲ್ಲ.

ಹೊರಬಂದ ದಿನವೇ ಟಿಪ್ಪಣಿ ಆಗಬೇಕು, ಮಾರನೆಯ ದಿನಕ್ಕೆ ನೆನಪು ತನ್ನ ಇಷ್ಟದಂತೆ ತಿದ್ದಿಕೊಳ್ಳುತ್ತದೆ. ‘ಅವರು ಹೇಳಿದ್ದು’ ಮತ್ತು ‘ನನಗೆ ಅನಿಸಿದ್ದು’ ಬೇರೆ ಬೇರೆ ಪ್ಯಾರಾಗಳಲ್ಲಿರಬೇಕು. ನಂತರ ಅದೇ ಪ್ರಶ್ನೆಯನ್ನು ರಾಯಭಾರಿಯ ಮೂಲಕ ಇನ್ನೊಮ್ಮೆ ಕೇಳಿ ಉತ್ತರ ತಾಳೆಯಾಗುತ್ತದೆಯೇ ನೋಡಬೇಕು. ಈ ತಾಳೆ ನೋಡದೆಯೂ ಅದೃಷ್ಟ ಕೈಹಿಡಿದದ್ದು, ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಕ್ಷಿಪಣಿಗಳನ್ನು ಇಟ್ಟದ್ದರಿಂದ ಎದ್ದ ಬಿಕ್ಕಟ್ಟಿನಲ್ಲಿ. 1962ರ ಅಕ್ಟೋಬರ್ 26ರಂದು ಸೋವಿಯತ್ ಗುಪ್ತಚರ ಅಧಿಕಾರಿ ಅಲೆಕ್ಸಾಂಡರ್ ಫೆಕ್ಲಿಸೊವ್, ಟೀವಿ ವರದಿಗಾರ ಜಾನ್ ಸ್ಕಾಲಿಯನ್ನು ವಾಷಿಂಗ್ಟನ್ನಿನ ರೆಸ್ಟೊರೆಂಟ್ ಒಂದರಲ್ಲಿ ಕಂಡ. ಕ್ಷಿಪಣಿ ತೆಗೆದರೆ ಅಮೆರಿಕ ಕ್ಯೂಬಾದ ಮೇಲೆ ದಾಳಿ ಮಾಡುವುದಿಲ್ಲವೆಂಬ ಭರವಸೆ ಸಿಗಬಹುದೇ ಎಂಬ ಮಾತು ಅಲ್ಲಿ ಬಂತು. ಅದೇ ರಾತ್ರಿ ಸೋವಿಯತ್ ನಾಯಕ ಕ್ರುಶ್ಚೇವ್ ಅವರ ಪತ್ರವೂ ಶ್ವೇತಭವನಕ್ಕೆ ಬಂತು. ಎರಡನ್ನೂ ಒಂದೇ ಮೂಲದ್ದೆಂದು ಓದಿಕೊಂಡರು. ತನಗೆ ಮಾಸ್ಕೋದಿಂದ ಅಂಥ ಸೂಚನೆಯೇ ಇರಲಿಲ್ಲ ಎಂದು ಫೆಕ್ಲಿಸೊವ್ ಎಷ್ಟೋ ವರ್ಷಗಳ ಮೇಲೆ ಹೇಳಿದ. ಪ್ರಸ್ತಾವ ಮೊದಲು ಯಾರ ಬಾಯಿಂದ ಬಂತು ಎಂಬ ಬಗ್ಗೆಯೂ ಇಬ್ಬರ ಹೇಳಿಕೆಗಳು ಹೊಂದುವುದಿಲ್ಲ.

ಕಡತ ಹೊರಹೋಗುವುದು ಇನ್ನೊಂದು ಅಪಾಯ, ಅದಕ್ಕೆ ಯಾರೂ ವಿಮಾನ ಹತ್ತಬೇಕಾಗಿಲ್ಲ. ದಕ್ಷಿಣ ಕೊರಿಯಾದ ಅಧ್ಯಕ್ಷೆ ಪಾರ್ಕ್ ಗ್ಯೂನ್-ಹೇ ಅವರ ಗೆಳತಿ ಚೋಯ್ ಸೂನ್-ಸಿಲ್‌ಗೆ ಹುದ್ದೆಯೂ ಇರಲಿಲ್ಲ, ಭದ್ರತಾ ಅನುಮತಿಯೂ ಇರಲಿಲ್ಲ. 2016ರ ಅಕ್ಟೋಬರ್‌ನಲ್ಲಿ ಸುದ್ದಿವಾಹಿನಿಯೊಂದಕ್ಕೆ ಸಿಕ್ಕ ಟ್ಯಾಬ್ಲೆಟ್‌ನಲ್ಲಿ ಅಧ್ಯಕ್ಷೆಯ ಭಾಷಣಗಳ ಕರಡುಗಳಿದ್ದವು. 2014ರಲ್ಲಿ ಡ್ರೆಸ್ಡೆನ್‌ನಲ್ಲಿ ಉತ್ತರ ಕೊರಿಯಾ ನೀತಿಯನ್ನು ಘೋಷಿಸಿದ ಭಾಷಣವೂ ಅದರಲ್ಲಿತ್ತು, ಭಾಷಣಕ್ಕೆ ಮೊದಲೇ ಅವರ ಕೈಸೇರಿತ್ತು. ಅಧ್ಯಕ್ಷೆಯ ಪದಚ್ಯುತಿಯಾಯಿತು. ಕಡತ ಕಳಿಸಿದ ಕಾರ್ಯದರ್ಶಿ ಜಿಯೊಂಗ್ ಹೊ-ಸಿಯೊಂಗ್‌ಗೆ ಸರ್ಕಾರಿ ರಹಸ್ಯ ಸೋರಿಕೆಗಾಗಿ ಒಂದೂವರೆ ವರ್ಷದ ಜೈಲಾಯಿತು.

ಹೊರಹೋದ ಕಡತಕ್ಕಿಂತ ಒಳಗೇ ಬರದ ಕಡತ ಹೆಚ್ಚು ಕಾಲ ಕಾಡುತ್ತದೆ. ಅಧ್ಯಕ್ಷರ ಸಿಬ್ಬಂದಿ ಖಾಸಗಿ ಖಾತೆಯಲ್ಲಿ ಸಂದೇಶ ಕಳಿಸಿದರೆ 20 ದಿನದೊಳಗೆ ಅದರ ಪ್ರತಿಯನ್ನು ಸರ್ಕಾರಿ ಖಾತೆಗೆ ಸೇರಿಸಬೇಕೆಂದು ಅಮೆರಿಕದ ಕಾನೂನಿದೆ. ಸಿಬ್ಬಂದಿಯೇ ಅಲ್ಲದವರ ಫೋನು ಆ ಲೆಕ್ಕಕ್ಕೆ ನೇರವಾಗಿ ಬರುವುದಿಲ್ಲ. ಸಾಟೊ ಅವರ ರಹಸ್ಯ ನಡಾವಳಿಯ ಗತಿ ನೋಡಿ. 1972ರಲ್ಲಿ ಒಕಿನಾವಾ ಜಪಾನಿಗೆ ಮರಳಿತು, 1974ರಲ್ಲಿ ಅಣ್ವಸ್ತ್ರ ವಿರೋಧಿ ನಿಲುವಿಗಾಗಿ ಸಾಟೊ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ವಕೈಝುಮಿ 1994ರಲ್ಲಿ ಎಲ್ಲವನ್ನೂ ಬರೆದು ಪ್ರಕಟಿಸಿದಾಗ ಸರ್ಕಾರ ಅಂಥದ್ದೇನೂ ಇಲ್ಲ ಎಂದಿತು. 2009ರ ಡಿಸೆಂಬರ್‌ನಲ್ಲಿ, ಸಹಿಯಾದ 40 ವರ್ಷಗಳ ನಂತರ, ಆ ಹಾಳೆ ಸಾಟೊ ಅವರ ಕುಟುಂಬದವರ ಬಳಿ ಇದ್ದದ್ದು ಬಯಲಾಯಿತು. ಮರುವರ್ಷ ವಿದೇಶಾಂಗ ಸಚಿವಾಲಯ ನೇಮಿಸಿದ್ದ ತಜ್ಞರ ಸಮಿತಿ ಇದನ್ನು ಪರಿಶೀಲಿಸಿ, ಸಾಟೊ ಇದನ್ನು ಮುಂದಿನ ಪ್ರಧಾನಿಗಳಿಗೆ ಹಸ್ತಾಂತರಿಸಿದಂತೆ ಕಾಣುವುದಿಲ್ಲ, ಹಾಗಾಗಿ ಇದನ್ನು ರಹಸ್ಯ ಒಪ್ಪಂದ ಎನ್ನಲೇಬೇಕಾಗಿಲ್ಲ ಎಂದಿತು. ಅದೇ ಹಾಳೆಯಲ್ಲಿ ಒಕಿನಾವಾದ ಕಡೇನಾ, ನಾಹಾ, ಹೆನೊಕೊ ನೆಲೆಗಳನ್ನು ಸಜ್ಜಾಗಿಡಬೇಕೆಂದು ಹೆಸರಿಸಿ ಬರೆದಿತ್ತು, ಕೆಳಗೆ ನಿಕ್ಸನ್ ಅವರ ಸಹಿಯೂ ಇತ್ತು.